ಚಕ್ಕುಬಂದಿ

ಪೂರ್ವಕ್ಕೆ ಸಮುದ್ರ, ಎಂದಿದೆ ಅರ್ಜಿಯಲ್ಲಿ.
ಪಶ್ಚಿಮಕ್ಕೆ ನೀರಿನ ಕತ್ತೆಗಳು ನಡೆವ ಓಣಿ,
ಉತ್ತರಕ್ಕೆ ವಿಧವೆ ಶರೀಫಾಳ ಬೇಲಿ,
ದಕ್ಷಿಣಕ್ಕೆ ಯಾರದೂ ಅಲ್ಲದ ಜಾಗ.
ನಡುವೆ ನಾಲ್ಕು ಕಂಬ, ಖರ್ಜೂರದ ಗರಿಯ ಗೋಡೆ,
ಒಂದು ಬಾವಿ: 'ಸ್ವಂತ ಕೈಯಿಂದ ತೋಡಿದ್ದು. ನೀರು ಸವುಳು.'

ಮನಾಮದ ಸರ್ವೆ ಕಚೇರಿಯ ನೆಲಮಾಳಿಗೆಯಲ್ಲಿ
ಎ.ಸಿ. ಚಳಿಗೆ ಸ್ವೆಟರ್ ತೊಟ್ಟು ನಕ್ಷೆ ಬಿಡಿಸುವವ ನಾನು.
ಉಳ್ಳಾಲದವ. ಹತ್ತೊಂಬತ್ತು ವರ್ಷ.
ಹಳೆಯ ಹಕ್ಕುಗಳನ್ನು ಹೊಸ ಪರದೆಗೆ ಏರಿಸಿ
'ಇತ್ಯರ್ಥ' ಎಂದು ಒತ್ತುವುದು ಕೆಲಸ.
ದಿನಕ್ಕೆ ನಲವತ್ತು. ಇವನಲ್ಲಿ ನಿಂತುಬಿಟ್ಟೆ.

ಅರ್ಜಿದಾರ: ಬಲ್ಲಿ ಕುಂಜಿ, ಮಂಜರೂರಿ.
ಯಾವ ಕುಲದ ಹೆಸರಪ್ಪ ಇದು?
ತುಟಿಯಲ್ಲಿ ಎರಡು ಸಲ ಹೊರಳಿಸಿದಾಗ ತಿಳಿಯಿತು,
'ಪ' ಇಲ್ಲದ ಲಿಪಿಯೊಳಗೆ
ನಮ್ಮ ಪಳ್ಳಿಕುಂಞಿ ಕೂತಿದ್ದಾನೆ
ಬೇರೆಯವರ ಟೊಪ್ಪಿ ಹಾಕಿಸಿಕೊಂಡು.
ಮುಂದಿನ ಹಾಳೆಯಲ್ಲಿ ಬಾಲಿ ಗುಂಜ್.
ರಸೀದಿಯಲ್ಲಿ ಬರೀ 'ಬಾವಿಯ ಹಿಂದಿ'.
ಹೆಬ್ಬೆಟ್ಟು ಮಾತ್ರ ಎಲ್ಲ ಕಡೆ ಒಂದೇ,
ಗೆರೆಗಳ ಅಡ್ಡಕ್ಕೆ ಹಗ್ಗ ಕೊಯ್ದ ಬಿಳಿ ದಾರಿ.

ಹೆಂಚಿನ ಮಂಜಿಯಲ್ಲಿ ಬಂದಿರಬೇಕು. ಅಂದಾಜು.

ಕಡತಕ್ಕೆ ಚುಚ್ಚಿದ ಗುಂಡುಸೂಜಿ ತುಕ್ಕು ಬಿಟ್ಟಿದೆ
ತೈಲ ಕಂಪೆನಿಯ ಪತ್ರಿಕೆಯ ತುಂಡಿನ ಮೇಲೆ.
ಮೇಲುಗಡೆ, ಟೆನಿಸ್ ಗೆದ್ದ ಮೇಡಮ್ಮಂದಿರು;
ಕೆಳಗೆ ಮೂರು ಸಾಲು: 'ಶುಕ್ರವಾರದ ಬೆಂಕಿಗೆ
ಮೂವತ್ತೊಂದು ಗುಡಿಸಲು. ಪ್ರಾಣಹಾನಿ ಇಲ್ಲ.
ಒಬ್ಬ ಭಾರತೀಯನ ಬಾವಿಯಿಂದ ನೀರು ಸೇದಲಾಯಿತು.'
ಓದು ಬಾರದವ ಯಾರಿಂದ ಓದಿಸಿಕೊಂಡನೋ,
ಆ ಮೂರನೆಯದರ ಅಡಿಗೆ ಇದ್ದಿಲ ಗೀಟು.

ರಜೆಗೆ ಹೋದಾಗ ಮಂಗಳೂರಿನಲ್ಲಿ
ಹಳೇ ವಾರಪತ್ರಿಕೆಗಳ ಕಟ್ಟು ಬಿಚ್ಚಿಸಿದೆ.
ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು.
"ನಾದಿನಿಯ ನಿಖಾ ಬಿಟ್ಟು ಇದೇನು ನಿಮ್ಮದು?" ಅಂದಳು ಹೆಂಡತಿ.
ಆರನೇ ದಿನ, ಕುಚ್ಚಲಕ್ಕಿ ದರದ ಪಕ್ಕ,
ಹಲ್ಲುಪುಡಿಯ ಜಾಹೀರಾತು ಬಿಟ್ಟುಕೊಟ್ಟ ಮೂಲೆಯಲ್ಲಿ:

'ನನ್ನ ಯಜಮಾನರು ಪಳ್ಳಿಕುಂಞಿ, ಎತ್ತರದ ಆಳು,
ಹೆಬ್ಬೆರಳಲ್ಲಿ ಹಗ್ಗದ ಗಾಯ, ಬಸರೆಗೋ ಬಹರೈನಿಗೋ
ಹೋಗಿ ಐದು ಮಳೆಗಾಲವಾಯಿತು.
ಕಂಡವರು ತಿಳಿಸಬೇಕು. ಅಂಚೆಯ ಖರ್ಚು ಕೊಡುವೆನು.
ಕುಂಞಾಲಿಮ, ಬೆಂಗರೆ.'

ಹಿಜರಿ ತಿಂಗಳನ್ನು ಆಟಿ ತಿಂಗಳಿಗೆ ಹೊಲಿದು ನೋಡಿದೆ:
ಅವಳ ಪ್ರಕಟಣೆಗೂ ಅವನ ಅರ್ಜಿಗೂ
ಹನ್ನೊಂದೇ ದಿನ.
ಇಲ್ಲಿ ಅವನು ಈ ನೆಲ ನನ್ನದು ಎನ್ನುವಾಗ
ಅಲ್ಲಿ ಅವಳು ಅವನು ನನ್ನವನು ಎನ್ನುತ್ತಿದ್ದಳು.
ಆಟಿಯಲ್ಲಿ ಯಾವ ಮಂಜಿಯೂ ಕಡಲಿಗಿಳಿಯುವುದಿಲ್ಲ.

ಅವನ ಕಡತದ ಕೊನೆಗೆ ಹಸಿರು ಶಾಯಿ: 'ಅಜ್ನಬಿ. ವಜಾ.'
ಪರದೇಶಿ, ಎಂದು ಅನುವಾದಿಸಿ ಕೈ ತಡೆಯಿತು;
ನಮ್ಮಲ್ಲಿ ಆ ಮಾತಿಗೆ ಗತಿಯಿಲ್ಲದವ ಎಂದೂ ಅರ್ಥ.
ಆಮೇಲೆ ಅವನು ಖಬರಿನ ಪಟ್ಟಿಯಲ್ಲಿಲ್ಲ,
ಹಡಗಿನ ಪಟ್ಟಿಯಲ್ಲೂ ಇಲ್ಲ.
ಬೆಂಗರೆಯಲ್ಲಿ ಕೇಳಿದ್ದೆ. ಒಬ್ಬ ಮುದುಕಿ
"ಯಾವ ಕುಂಞಾಲಿಮ? ನಾಲ್ವರಿದ್ದರು" ಎಂದು
ಒಣಮೀನು ಮಗುಚತೊಡಗಿದಳು.

ಮೊನ್ನೆ ಮೇಲಧಿಕಾರಿ ಕೇಳಿದ, ಇದೊಂದೇ ಯಾಕೆ ಬಾಕಿ?
ಪೂರ್ವದ ಎಲ್ಲೆ ಸಿಗುತ್ತಿಲ್ಲ, ಎಂದೆ.
ಸುಳ್ಳಲ್ಲ. ಕಡಲಿಗೆ ಮಣ್ಣು ತುಂಬಿ ತುಂಬಿ
ದೂರ ತಳ್ಳಿದ್ದಾರೆ. ಅಕ್ಷರ ಹಿಡಿದು ಜಗ್ಗಿದರೆ
ಅಲ್ಲಿಯವರೆಗಿನದೆಲ್ಲ ಪಳ್ಳಿಕುಂಞಿಯದು:
ಎರಡು ಬ್ಯಾಂಕು, ಕಾರು ನಿಲ್ಲುವ ಆರು ಮಹಡಿ,
ಐಸ್‌ಕ್ರೀಮಿನಂಗಡಿ, ಅದರ ಗುಲಾಬಿ ಕೊಡೆಗಳು.

ಮಧ್ಯಾಹ್ನದ ಬಿಡುವಿನಲ್ಲಿ ಅಳೆಯಲು ಹೊರಟೆ.
ಸಾವಿರದ ಒಂಬೈನೂರು ಹೆಜ್ಜೆಗೆ ತಗಡಿನ ಬೇಲಿ,
ಬೇಲಿಯಾಚೆ ಕ್ರೇನು, ಕ್ರೇನಿನಾಚೆ ಏನೋ ಮಿನುಗು.
ಕಾವಲಿನ ಹುಡುಗ, ಸಿಲ್ಹೆಟ್ಟಿನವ, ಗುರುತಿನ ಚೀಟಿ ಕೇಳಿದ.
ಕೊಟ್ಟೆ. ಅದರಲ್ಲಿ ಪುತ್ತಬ್ಬನಾದ ನಾನು ಬುತ್ತಬ್ಬ;
ಮಾರ್ಚಿಗೆ ಅವಧಿ ಮುಗಿಯುತ್ತದೆ.
ಇಲ್ಲೊಂದು ಬಾವಿ ಇತ್ತು, ಎಂದೆ.
ಅವನು ನನ್ನ ಬೆವರು ನೋಡಿದ.
ತನ್ನ ಬಾಟಲಿ ಚಾಚಿದ.